ಸಸ್ಯಸಾರ ಮತ್ತು ರೋಗಾಣು: ಪರೀಕ್ಷೆಯ ಇತಿಹಾಸ

ಬೇವು, ಅರಿಶಿಣ, ಬೆಳ್ಳುಳ್ಳಿ ನಮ್ಮ ಮನೆಗಳ ಹಳೆಯ ಔಷಧಿಗಳು. ಔಷಧಿಯ ಗುಣವನ್ನು ಮನುಷ್ಯರಲ್ಲಿಯೇ ಪರೀಕ್ಷಿಸಬೇಕು, ಸಿಂಹ-ಕುದುರೆಗಳ ಮೇಲಿನ ಪರೀಕ್ಷೆ ಸಾಲದೆಂದು ಇಬ್ನ್ ಸೀನಾ (980–1037) ‘ಅಲ್-ಕಾನೂನ್’ ಗ್ರಂಥದಲ್ಲಿ ಬರೆದಿದ್ದಾರೆ.

1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹರಡಿದಾಗ ಸಾವಿರಾರು ಜನರಿಗೆ ಹಾಫ್ಕಿನ್ ಲಸಿಕೆ ಹಾಕಲಾಯಿತು. ಲಸಿಕೆ ಪಡೆದವರ, ಪಡೆಯದವರ ಸಾವುಗಳನ್ನು ಹೋಲಿಸಿಯೇ ಅದರ ಫಲವನ್ನು ಅಳೆದರು.

ಸಸ್ಯಗಳಿಗೂ ಇದೇ ಅಳತೆ ಬೇಕು. 1944ರಲ್ಲಿ ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಬೆಳ್ಳುಳ್ಳಿಯಿಂದ ಬ್ಯಾಕ್ಟೀರಿಯಾ ತಡೆಯುವ ಆಲಿಸಿನ್ ಬೇರ್ಪಡಿಸಿದರು. ಇಂದು ಪ್ರಯೋಗಾಲಯದಲ್ಲಿ ಸಸ್ಯಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ಬ್ಯಾಕ್ಟೀರಿಯಾ ಹರಡಿದ ತಟ್ಟೆಯಲ್ಲಿಟ್ಟು, ಸುತ್ತ ಅವು ಬೆಳೆಯದ ವರ್ತುಲವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ.

ತಟ್ಟೆಯಲ್ಲಿ ಗೆದ್ದ ಸಾರ ದೇಹದಲ್ಲಿಯೂ ಗೆಲ್ಲುತ್ತದೆಂಬ ಖಾತ್ರಿಯಿಲ್ಲ. ಇಬ್ನ್ ಸೀನಾರ ಆ ಎಚ್ಚರಿಕೆಯನ್ನು ವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಮರೆಯಬಾರದು.