ದಾರಿ ಬಾನಿನಲ್ಲಿ, ತೀರ್ಮಾನ ನೆಲದಲ್ಲಿ

ಶಿಕ್ಷಣಕ್ಕೆಂದೇ ಭಾರತ ಹಾರಿಸಿದ ಮೊದಲ ಉಪಗ್ರಹ ಎಜುಸ್ಯಾಟ್ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಮೇಲೇರಿತು. ಅದನ್ನು ನೆಚ್ಚಿಕೊಂಡು ಬೆಂಗಳೂರಿನ ಬನಶಂಕರಿ 3ನೇ ಹಂತದ ವರ್ತುಲ ರಸ್ತೆಯಲ್ಲಿರುವ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ), ಚಾಮರಾಜನಗರ ಜಿಲ್ಲೆಯ 885 ಕಿರಿಯ ಪ್ರಾಥಮಿಕ ಶಾಲೆಗಳಿಗೆ ಪಾಠ ಮುಟ್ಟಿಸಲು ಹೊರಟಿತು. ಇದನ್ನು ದೂರ ಗೆದ್ದ ಕಥೆಯಾಗಿ ಹೇಳುವುದು ವಾಡಿಕೆ. ಅದು ಅರ್ಧ ನಿಜ. ದೂರವೇನೋ ಅಳಿಯಿತು, ಯಾರಿಗೆ ಮರುದಾರಿ, ಅಂದರೆ ತಿರುಗಿ ಮಾತಾಡುವ ದಾರಿ, ಇರಬೇಕೆಂಬುದು ಮಾತ್ರ ನೆಲದ ಮೇಲೆಯೇ ತೀರ್ಮಾನವಾಯಿತು.

ಎಜುಸ್ಯಾಟ್ ಸೇರಿದ ಭೂಸ್ಥಿರ ಕಕ್ಷೆ ಇರುವುದು 35,786 ಕಿ.ಮೀ. ಮೇಲೆ. ಸಂಕೇತ ಅಲ್ಲಿಗೆ ಹತ್ತಿ ಇಳಿಯಲು ಸುಮಾರು ಕಾಲು ಸೆಕೆಂಡು ಬೇಕು. ಬನಶಂಕರಿಯಿಂದ ಜಯನಗರಕ್ಕೂ ಅಷ್ಟೇ, ಬೀದರಿಗೂ ಅಷ್ಟೇ. ಇಂಥ ಉಪಗ್ರಹ ದತ್ತಾಂಶ ಪ್ಯಾಕೆಟ್ಟಿನ ವಿಳಾಸ ಓದುವುದಿಲ್ಲ. ಬಂದ ಸಂಕೇತದ ಆವರ್ತಾಂಕ ಬದಲಿಸಿ, ಬಲ ತುಂಬಿ ಕೆಳಗೆ ಕಳಿಸುತ್ತದೆ, ಅಷ್ಟೆ. ದಾರಿ ಆರಿಸುವ ರೌಟರ್ ಇರುವುದು ನೆಲದ ಮೇಲಿನ ದೊಡ್ಡ ಆಂಟೆನಾದ ಕೇಂದ್ರದಲ್ಲಿ, ಅಂದರೆ ಹಬ್‌ನಲ್ಲಿ. ಹಾಗಾಗಿ ಒಂದು ಹಳ್ಳಿಯ ಟರ್ಮಿನಲ್ ಪಕ್ಕದ ಹಳ್ಳಿಗೆ ಪ್ಯಾಕೆಟ್ ಕಳಿಸಬೇಕೆಂದರೂ ಅದು ಬಾನಿಗೇರಿ, ಹಬ್‌ಗೆ ಇಳಿದು, ಮತ್ತೆ ಏರಿ ಇಳಿಯಬೇಕು. ಉತ್ತರ ಬರುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ.

ಚಿಕ್ಕ ಡಿಶ್‌ಗೆ ಕಸುವು ಕಡಿಮೆ, ಹಬ್ ಅನಿವಾರ್ಯ ಎಂಬ ಆಕ್ಷೇಪ ಸರಿಯೇ. ಆದರೆ ಹಬ್ ಬೇಕೆಂದ ಮಾತ್ರಕ್ಕೆ ಮರುದಾರಿ ಬೇಡವೆಂದಾಗುವುದಿಲ್ಲ. ಎಜುಸ್ಯಾಟ್‌ನಲ್ಲಿ ಮಾತಾಡಬಲ್ಲ ಟರ್ಮಿನಲ್ಲೂ ಇತ್ತು, ಬರೀ ಕೇಳಿಸಿಕೊಳ್ಳುವ ಟರ್ಮಿನಲ್ಲೂ ಇತ್ತು. ಹಳ್ಳಿ ಶಾಲೆಗೆ ಸಿಕ್ಕಿದ್ದು ಎರಡನೆಯದು. ಅಗ್ಗವಾಯಿತು, ನಿಜ: ಒಮ್ಮೆ ಬಿತ್ತರಿಸಿದರೆ 885 ಕಡೆ ಇಳಿಯುತ್ತದೆ. ಇಂಥ ಏಕಮುಖ ಕೊಂಡಿ ಅಂತರ್ಜಾಲದಲ್ಲಿ ದಾರಿ ಆರಿಸುವ ಐಪಿ ರೌಟಿಂಗ್‌ಗೂ ಒಗಟೇ. ಒಎಸ್‌ಪಿಎಫ್‌ನಂಥ ಪ್ರೋಟೊಕಾಲ್, ನೆರೆಯ ರೌಟರ್ ಓಗೊಡದಿದ್ದರೆ ಆ ಕೊಂಡಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 2001ರ ಆರ್‌ಎಫ್‌ಸಿ 3077 ಎಂಬ ಅಂತರ್ಜಾಲ ತಾಂತ್ರಿಕ ದಾಖಲೆ ಇದಕ್ಕೊಂದು ಉಪಾಯ ಸೂಚಿಸಿತ್ತು: ಮರುಮಾತನ್ನು ನೆಲದ ಬೇರೆ ಜಾಲದೊಳಗೆ ಸುರಂಗ ಮಾಡಿ ಕಳಿಸಿ, ಕೊಂಡಿ ದ್ವಿಮುಖವೆಂದೇ ರೌಟರನ್ನು ನಂಬಿಸುವುದು. ಚೆಂದದ ಉಪಾಯ, ಆದರೆ ನೆಲದ ಜಾಲ ಮೊದಲೇ ಇದ್ದ ಊರಿಗೆ!

ಕಿರಿಯ ಪ್ರಾಥಮಿಕದ ಮಕ್ಕಳಿಗೆ ಚಿತ್ರ, ಹಾಡು ಸಿಕ್ಕರೆ ಸಾಲದೇ ಎಂದು ಕೇಳಬಹುದು. ಮಕ್ಕಳಿಗೆ ಸಾಕಾದೀತು, ಮರುದಾರಿ ಬೇಕಿದ್ದದ್ದು ಮೇಷ್ಟ್ರಿಗೆ, ಅವರಿಗಿಂತ ಹೆಚ್ಚಾಗಿ ಬನಶಂಕರಿಗೆ. ಕೇಳಿಸಿಕೊಳ್ಳುವ ಟರ್ಮಿನಲ್ ತಾನು ಕೆಟ್ಟಿದ್ದೇನೆಂದು ಹೇಳಲಾರದು. ಯಾವ ಶಾಲೆಯಲ್ಲಿ ಕರೆಂಟ್ ಇಲ್ಲ, ಎಲ್ಲಿ ಡಿಶ್ ವಾಲಿದೆ ಎಂಬುದು ಆ ಕೊಂಡಿಯ ಮೂಲಕ ಹಬ್‌ಗೆ ತಿಳಿಯುವಂತೆಯೇ ಇರಲಿಲ್ಲ.