ಶ್ರೀಗಂಧ ಮತ್ತು ಗುಡಿಗಾರರ ಕಲೆ



ಭಾರತದ ಮರದ ಕೆತ್ತನೆಯ ಸಂಪ್ರದಾಯಗಳು ಆಯಾ ಪ್ರದೇಶದ ಮರವನ್ನು ಆಶ್ರಯಿಸಿ ಬೆಳೆದಿವೆ. ಕಾಶ್ಮೀರದಲ್ಲಿ ಅಕ್ರೋಟು, ಸಹಾರನ್‌ಪುರದಲ್ಲಿ ಶೀಶಮ್, ನಮ್ಮ ಮಲೆನಾಡಿನಲ್ಲಿ ಶ್ರೀಗಂಧ. ಸಾಗರ, ಸೊರಬ, ಶಿರಸಿ, ಕುಮಟಾ ಪ್ರದೇಶಗಳ ಗುಡಿಗಾರರು ತಲೆಮಾರುಗಳಿಂದ ಗಂಧದಲ್ಲಿ ದೇವತಾಮೂರ್ತಿಗಳನ್ನೂ, ಬಳ್ಳಿ, ಮೃಗಪಕ್ಷಿಗಳ ಚಿತ್ತಾರವುಳ್ಳ ಪೆಟ್ಟಿಗೆಗಳನ್ನೂ ಕೆತ್ತುತ್ತ ಬಂದಿದ್ದಾರೆ. ನುಣುಪಾದ, ಗಟ್ಟಿಯಾದ ಈ ಮರವು ಅತಿ ಸೂಕ್ಷ್ಮವಾದ ಉಳಿಯ ಕೆಲಸಕ್ಕೂ ಒದಗುತ್ತದೆ. ಪರಿಮಳವಿರುವುದು ತಿರುಳಿನಲ್ಲಿ, ಆ ತಿರುಳು ಬಲಿಯಲು ದಶಕಗಳೇ ಬೇಕು.

ಈ ಕಲೆಯ ಇತಿಹಾಸವು ಮರದ ಒಡೆತನದ ಇತಿಹಾಸವೂ ಹೌದು. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಅನಂತರದ ಆಡಳಿತಗಳೂ ಅದೇ ನೀತಿಯನ್ನು ಅನುಸರಿಸಿದವು. ರೈತನ ಹೊಲದಲ್ಲಿ ಬೆಳೆದ ಗಂಧವೂ ಸರ್ಕಾರದ ಸ್ವತ್ತಾಗಿದ್ದುದರಿಂದ ಅದನ್ನು ನೆಟ್ಟು ಬೆಳೆಸುವ ಉತ್ಸಾಹ ಕುಂದಿತು. ಕಳ್ಳಸಾಗಣೆಯು ಕಾಡನ್ನು ಬರಿದುಮಾಡಿತು. ಕರ್ನಾಟಕದಲ್ಲಿ ಭೂಮಿಯ ಒಡೆಯನಿಗೆ ಮರದ ಹಕ್ಕು ದೊರೆತದ್ದು 2001ರ ಕಾನೂನು ತಿದ್ದುಪಡಿಯಿಂದ.

ಗಂಧ ದುರ್ಲಭವಾದಂತೆ ಗುಡಿಗಾರರು ಶಿವನೆಯಂತಹ ಮರಗಳಲ್ಲಿಯೂ ಕೆತ್ತುತ್ತಿದ್ದಾರೆ. ಊರಿಗೆ ಹೋದಾಗ ನಾವು ಅಂತಹ ಮೂರ್ತಿಯನ್ನು ಕೈಗೆತ್ತಿಕೊಂಡು, ಮೂಸಿ ನೋಡಿ, ಗಂಧವಲ್ಲವೆಂದು ಕೆಳಗಿಡುವುದುಂಟು. ಪರಿಮಳವು ಮರದ ಗುಣ. ಕೆತ್ತನೆಯು ಕುಶಲಕರ್ಮಿಯ ವಿದ್ಯೆ. ನೆಟ್ಟರೆ ಮರ ಮತ್ತೆ ಬೆಳೆದೀತು. ಕೈಯಿಂದ ಕೈಗೆ ಬರುವ ವಿದ್ಯೆಯು ಒಂದು ತಲೆಮಾರು ತಪ್ಪಿದರೆ ಪುಸ್ತಕದಿಂದ ಮರಳಿ ಬಾರದೆಂಬುದನ್ನು ವೈದ್ಯರಾದ ನಾವು ಬಲ್ಲೆವು. ಆದುದರಿಂದ ಮುಂದಿನ ಸಲ ಊರಿಗೆ ಹೋದಾಗ ಶಿವನೆಯ ಮೂರ್ತಿಯನ್ನೂ ಆದರದಿಂದ ಕೊಳ್ಳೋಣ; ಅದನ್ನು ಕೆತ್ತಿದವರು ಯಾರೆಂಬುದನ್ನು ನಮ್ಮ ಮಕ್ಕಳಿಗೆ ಹೇಳೋಣ.