ವಿಡಿಯೋ ಆಟಗಳ ಉದ್ಯಮದಲ್ಲಿ ಮೊದಲ ತಲೆಮಾರಿನ ಪ್ರವೇಶ

ಒಂದು ಹೊಸ ಉದ್ಯಮವು ಹುಟ್ಟುವಾಗ ಅದಕ್ಕೆ ಬೇಕಾದ ಕೆಲಸಗಾರರು ಎಲ್ಲಿಂದ ಬರುತ್ತಾರೆಂಬ ಪ್ರಶ್ನೆಯನ್ನು ಆರ್ಥಿಕ ಚರಿತ್ರೆಯ ಅಭ್ಯಾಸಿಗಳು ಬಟ್ಟೆಯ ಗಿರಣಿಗಳ ವಿಷಯದಲ್ಲಿಯೂ ರೈಲ್ವೆಯ ವಿಷಯದಲ್ಲಿಯೂ ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ವಿಡಿಯೋ ಆಟಗಳ ಉದ್ಯಮದ ಬಗ್ಗೆ ಅದೇ ಪ್ರಶ್ನೆಯನ್ನು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರವು ಚರಿತ್ರೆಗಿಂತ ಐತಿಹ್ಯಕ್ಕೆ ಹತ್ತಿರವಾದುದು. ಯಾವ ಶಿಕ್ಷಣವೂ ಇಲ್ಲದ ತರುಣನೊಬ್ಬನು ಮನೆಯ ಮೂಲೆಯಲ್ಲಿ ಕುಳಿತು ಒಂದು ಆಟವನ್ನು ರಚಿಸಿದನು, ಲೋಕವು ಅವನನ್ನು ಹುಡುಕಿಕೊಂಡು ಬಂದಿತು ಎಂಬುದೇ ಆ ಐತಿಹ್ಯದ ಸಾರ. ಈ ಉದ್ಯಮವನ್ನು ಸೇರಬೇಕೆಂದು ಹಂಬಲಿಸಿ ನಮ್ಮ ಬಳಿಗೆ ಬರುವ ವಿದ್ಯಾರ್ಥಿಗಳಲ್ಲಿಯೂ ಈ ನಂಬಿಕೆ ಬಲವಾಗಿದೆ. ಕೆಲವರು ಅದನ್ನು ನೆಚ್ಚಿ ಓದನ್ನು ಬಿಡಲೂ ಸಿದ್ಧರಿದ್ದಾರೆ. ಆದುದರಿಂದ ಮೊದಲ ತಲೆಮಾರಿನವರ ವೃತ್ತಾಂತವನ್ನು ಪರಿಶೀಲಿಸುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇವೆ.

ಮನೆಯ ಟೆಲಿವಿಷನ್ನಿನ ಮೇಲೆ ಆಡತಕ್ಕ ಯಂತ್ರವನ್ನು 1966ರಿಂದ ರೂಪಿಸತೊಡಗಿದ ರಾಲ್ಫ್ ಬೇರ್ ಅವರು ಸೈನ್ಯಕ್ಕೆ ಉಪಕರಣಗಳನ್ನು ಒದಗಿಸುತ್ತಿದ್ದ ಸ್ಯಾಂಡರ್ಸ್ ಅಸೋಸಿಯೇಟ್ಸ್ ಸಂಸ್ಥೆಯ ಹಿರಿಯ ಎಂಜಿನಿಯರು. 1972ರಲ್ಲಿ ಅಟಾರಿ ಕಂಪನಿಯನ್ನು ಸ್ಥಾಪಿಸಿದ ನೋಲನ್ ಬುಶ್ನೆಲ್ ಮತ್ತು ಟೆಡ್ ಡಾಬ್ನಿ ಇಬ್ಬರೂ ಧ್ವನಿ ಹಾಗೂ ಚಿತ್ರ ಮುದ್ರಣದ ಯಂತ್ರಗಳಿಗೆ ಹೆಸರಾದ ಆಂಪೆಕ್ಸ್ ಕಂಪನಿಯಲ್ಲಿ ಸಹೋದ್ಯೋಗಿಗಳಾಗಿದ್ದರು. ಡಾಬ್ನಿಯವರು ಎಲೆಕ್ಟ್ರಾನಿಕ್ಸನ್ನು ಕಲಿತದ್ದು ಸೈನಿಕ ಸೇವೆಯಲ್ಲಿ. ಬುಶ್ನೆಲ್ ಅವರು ಯೂಟಾ ವಿಶ್ವವಿದ್ಯಾನಿಲಯದ ಎಂಜಿನಿಯರಿಂಗ್ ಪದವೀಧರರು. ವಿದ್ಯಾರ್ಥಿದೆಸೆಯಲ್ಲಿ ಒಂದು ವಿನೋದೋದ್ಯಾನದಲ್ಲಿ ದುಡಿದು, ನಾಣ್ಯ ಹಾಕಿ ಆಡುವ ಜನರ ಮನೋಧರ್ಮವನ್ನು ಹತ್ತಿರದಿಂದ ಕಂಡವರು. ಹೀಗೆ ಉದ್ಯಮದ ಹೆಬ್ಬಾಗಿಲನ್ನು ತೆರೆದವರು ಅನ್ಯ ಕಸುಬುಗಳಲ್ಲಿ ಪಳಗಿದ ಕೈಗಳೇ ಹೊರತು ಕಸುಬಿಲ್ಲದ ಹುಡುಗರಲ್ಲ.

ಅಟಾರಿಯ ಮೊದಲ ನೌಕರರಲ್ಲೊಬ್ಬರಾದ ಆ್ಯಲನ್ ಆಲ್ಕಾರ್ನ್ ಅವರ ನೇಮಕವು ಈ ದೃಷ್ಟಿಯಿಂದ ಗಮನಾರ್ಹವಾದುದು. ಬರ್ಕ್ಲಿಯಲ್ಲಿ ಓದಿ, ಆಂಪೆಕ್ಸಿನಲ್ಲಿಯೇ ಕೆಲಸ ಮಾಡಿದ್ದ 24 ವರ್ಷದ ಆಲ್ಕಾರ್ನ್ ಅವರಿಗೆ ವಿಡಿಯೋ ಆಟವನ್ನು ರಚಿಸಿದ ಅನುಭವವಿರಲಿಲ್ಲ. ಬುಶ್ನೆಲ್ ಅವರು ಚೆಂಡು ಮತ್ತು ಎರಡು ಹಲಗೆಗಳ ಒಂದು ಸರಳವಾದ ಆಟವನ್ನು ಮಾಡಲು ಹೇಳಿ, ಅದಕ್ಕೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಒಪ್ಪಂದವಿದೆಯೆಂದು ನಂಬಿಸಿದರು. ಒಪ್ಪಂದವೇನೂ ಇರಲಿಲ್ಲ, ಅದು ಹೊಸಬನ ಕೈ ಪಳಗಲೆಂದು ಕೊಟ್ಟ ಅಭ್ಯಾಸಪಾಠ ಮಾತ್ರ. ಆ ಪಾಠವೇ ‘ಪಾಂಗ್’ ಆಯಿತು. ಸನಿವೇಲ್ ಊರಿನ ಒಂದು ಪಾನಗೃಹದಲ್ಲಿ ಪರೀಕ್ಷಾರ್ಥವಾಗಿ ಇರಿಸಿದ ಯಂತ್ರವು ಕೆಲವು ದಿನಗಳಲ್ಲಿಯೇ ಕೆಟ್ಟು ನಿಂತಿತೆಂದೂ, ಆಲ್ಕಾರ್ನ್ ಹೋಗಿ ತೆರೆದು ನೋಡಲಾಗಿ ನಾಣ್ಯಗಳು ತುಂಬಿ ಹೊರಚೆಲ್ಲಿದ್ದೇ ಕಾರಣವೆಂದು ತಿಳಿಯಿತೆಂದೂ ಪ್ರಸಿದ್ಧವಾಗಿದೆ. ಇಲ್ಲಿ ಇನ್ನೊಂದು ಮಾತನ್ನೂ ಮರೆಯಬಾರದು. ಬೇರ್ ಅವರ ಯಂತ್ರದ ಮೇಲೆ ಆಡುವ ಟೆನಿಸ್ ಆಟವನ್ನು ಬುಶ್ನೆಲ್ ಅವರು ಅದೇ ವರ್ಷ ಕಣ್ಣಾರೆ ಕಂಡಿದ್ದರು. ಆ ಯಂತ್ರವನ್ನು ಮಾರುತ್ತಿದ್ದ ಮ್ಯಾಗ್ನಾವಾಕ್ಸ್ ಕಂಪನಿಯು ಹೂಡಿದ ವ್ಯಾಜ್ಯವು 1976ರಲ್ಲಿ ರಾಜಿಯಲ್ಲಿ ಮುಗಿಯಿತು.

1976ರಲ್ಲಿ ವಾರ್ನರ್ ಸಂಸ್ಥೆಯು ಅಟಾರಿಯನ್ನು ಕೊಂಡ ಮೇಲೆ, ಮನೆಯಲ್ಲಿ ಆಡುವ ಕಾರ್ಟ್ರಿಜ್ ಯಂತ್ರಕ್ಕಾಗಿ ಪ್ರೋಗ್ರಾಂ ಬರೆಯಬಲ್ಲವರು ಬೇಕಾದರು. ಆಗ ಬಂದವರು ವಿಶ್ವವಿದ್ಯಾನಿಲಯಗಳಿಂದ ಹೊರಬಿದ್ದ ತರುಣರು. ವಾರನ್ ರಾಬಿನೆಟ್ 1977ರಲ್ಲಿ ಸೇರಿದರು. ಕ್ಯಾರಲ್ ಶಾ 1978ರಲ್ಲಿ ಸೇರಿದರು. ಇಬ್ಬರೂ ಬರ್ಕ್ಲಿಯಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಒಂದು ಆಟದ ಕಲ್ಪನೆ, ಚಿತ್ರ, ಧ್ವನಿ, ಪ್ರೋಗ್ರಾಂ ಎಲ್ಲವೂ ಒಬ್ಬರ ಕೈಯಿಂದಲೇ ಆಗಬೇಕಾಗಿದ್ದ ಕಾಲ ಅದು. ಆದರೆ ಪೆಟ್ಟಿಗೆಯ ಮೇಲೆ ಅವರ ಹೆಸರಿರಲಿಲ್ಲ. ಹೀಗಾಗಿ ಪ್ರವೇಶವು ಸುಲಭವಾಗಿದ್ದರೂ ಪ್ರವೇಶಿಸಿದವನು ಅನಾಮಧೇಯನಾಗಿಯೇ ಉಳಿಯಬೇಕಾಗಿತ್ತು. ರಾಬಿನೆಟ್ ಅವರ ‘ಅಡ್ವೆಂಚರ್’ ಆಟದ ಸುಮಾರು ಹತ್ತು ಲಕ್ಷ ಪ್ರತಿಗಳು ಖರ್ಚಾದವು. ಅವರ ಸಂಬಳವೋ ವರ್ಷಕ್ಕೆ ಸುಮಾರು 22,000 ಡಾಲರು. ಅವರು ಯಾರಿಗೂ ಹೇಳದೆ ಆಟದೊಳಗೆ ಒಂದು ರಹಸ್ಯ ಕೋಣೆಯನ್ನು ಕಟ್ಟಿ, ಕಣ್ಣಿಗೆ ಬೀಳದಷ್ಟು ಸಣ್ಣದಾದ ಒಂದು ಚುಕ್ಕೆಯನ್ನು ಅದಕ್ಕೆ ಕೀಲಿಯಾಗಿರಿಸಿ, ಒಳಗೆ ತಮ್ಮ ಹೆಸರನ್ನು ಬರೆದು 1979ರಲ್ಲಿ ಕೆಲಸ ಬಿಟ್ಟರು. ಮುಂದೆ ಆಟಗಾರ ಬಾಲಕನೊಬ್ಬನು ಆ ಕೋಣೆಯನ್ನು ಕಂಡುಹಿಡಿದು ಕಂಪನಿಗೆ ಕಾಗದ ಬರೆದಾಗಲೇ ಸಂಗತಿಯು ಒಡೆಯರಿಗೆ ತಿಳಿಯಿತು.

ಅದೇ ವರ್ಷ ಡೇವಿಡ್ ಕ್ರೇನ್, ಆ್ಯಲನ್ ಮಿಲ್ಲರ್, ಬಾಬ್ ವೈಟ್‌ಹೆಡ್, ಲ್ಯಾರಿ ಕ್ಯಾಪ್ಲನ್ ಎಂಬ ನಾಲ್ವರು ಅಟಾರಿಯನ್ನು ಬಿಟ್ಟರು. ಮಾರಾಟದ ಲೆಕ್ಕವನ್ನು ತಿಳಿಸುವ ಒಂದು ಸುತ್ತೋಲೆಯಿಂದ, ಕಾರ್ಟ್ರಿಜ್‌ಗಳ ವ್ಯಾಪಾರದ ಅರ್ಧಕ್ಕಿಂತ ಹೆಚ್ಚು ಭಾಗವು ತಮ್ಮ ನಾಲ್ವರ ಆಟಗಳಿಂದಲೇ ಬಂದಿದೆಯೆಂದು ಅವರು ಅರಿತರು. ಅದನ್ನು ಹೇಳಿಕೊಳ್ಳಹೋದಾಗ, ಕಾರ್ಟ್ರಿಜ್‌ಗಳನ್ನು ಜೋಡಿಸುವ ಕೆಲಸಗಾರರಿಗಿಂತ ತಾವೇನೂ ಹೆಚ್ಚಿನವರಲ್ಲವೆಂಬ ಉತ್ತರವು ದೊರೆಯಿತೆಂದು ಕ್ರೇನ್ ಅವರು ಮುಂದೆ ತಿಳಿಸಿದ್ದಾರೆ. ಆಗಿನ ಮುಖ್ಯಸ್ಥರಾದ ರೇ ಕ್ಯಾಸರ್ ಜವಳಿ ಉದ್ಯಮದಿಂದ ಬಂದವರು. ಅವರ ಕಣ್ಣಿಗೆ ಆಟವೂ ಗಿರಣಿಯ ಸರಕಾಗಿಯೇ ಕಂಡಿರಬೇಕೆಂದು ನಮಗೆ ತೋರುತ್ತದೆ. ಆ ನಾಲ್ವರು ಜಿಮ್ ಲೆವಿ ಎಂಬುವರೊಡನೆ ಕೂಡಿ ಆಕ್ಟಿವಿಷನ್ನನ್ನು ಸ್ಥಾಪಿಸಿ, ರಚಿಸಿದವರ ಹೆಸರನ್ನು ಆಟದೊಡನೆಯೇ ಅಚ್ಚುಮಾಡಿದರು. ಕ್ಯಾರಲ್ ಶಾ ಅವರ ‘ರಿವರ್ ರೇಡ್’ (1982) ಹೊರಬಂದದ್ದು ಅಲ್ಲಿಂದಲೇ.

ಜಪಾನಿನ ದಾರಿ ಬೇರೆ. 1889ರಿಂದ ಇಸ್ಪೀಟಿನಂತಹ ಹನಾಫುದಾ ಎಲೆಗಳನ್ನು ಮಾಡುತ್ತಿದ್ದ ನಿಂಟೆಂಡೊ ಕಂಪನಿಗೆ ಗುನ್‌ಪೆ ಯೊಕೊಯಿ 1965ರಲ್ಲಿ ಯಂತ್ರಗಳ ದುರಸ್ತಿಯ ಕೆಲಸಕ್ಕೆ ಸೇರಿದರು. ಬಿಡುವಿನಲ್ಲಿ ಅವರು ಮಾಡಿಕೊಂಡಿದ್ದ ಒಂದು ಆಟಿಕೆಯನ್ನು ಮಾಲೀಕರು ಕಂಡದ್ದೇ ಅವರ ಭಾಗ್ಯೋದಯ. ಕೈಗಾರಿಕಾ ವಿನ್ಯಾಸವನ್ನು ಓದಿದ್ದ ಶಿಗೆರು ಮಿಯಾಮೊಟೊ ಅವರಿಗೆ 1977ರಲ್ಲಿ ಅದೇ ಕಂಪನಿಯ ಬಾಗಿಲು ತೆರೆದುದು ತಂದೆಯ ಪರಿಚಯದ ಬಲದಿಂದ. ಅಮೆರಿಕದಲ್ಲಿ ‘ರೇಡಾರ್ ಸ್ಕೋಪ್’ ಯಂತ್ರಗಳು ಮಾರಾಟವಾಗದೆ ಉಳಿದಾಗ, ಅವುಗಳಿಗೆ ಹೊಸ ಆಟವನ್ನು ಹೂಡುವ ಕಾರ್ಯವು ಯೊಕೊಯಿಯವರ ಮೇಲ್ವಿಚಾರಣೆಯಲ್ಲಿ ಈ ಚಿತ್ರಕಾರನ ಪಾಲಿಗೆ ಬಂದಿತು. 1981ರ ‘ಡಾಂಕಿ ಕಾಂಗ್’ ಅದರ ಫಲ. ನಾಮ್ಕೊ ಸೇರಿದ ತೊರು ಇವತಾನಿಯವರಿಗಂತೂ ಪಿನ್‌ಬಾಲ್ ಯಂತ್ರಗಳನ್ನು ಮಾಡುವ ಬಯಕೆಯಿತ್ತು. ಮಾಡಿದ್ದು ‘ಪ್ಯಾಕ್‌ಮ್ಯಾನ್’ (1980).

ಹಾಗಾದರೆ ಐತಿಹ್ಯವು ಪೂರ್ಣ ಸುಳ್ಳೇ? ಹಾಗೆನ್ನಲಾಗದು. ಟೆಕ್ಸಾಸಿನ ರಿಚರ್ಡ್ ಗ್ಯಾರಿಯಟ್ ಹದಿಹರೆಯದಲ್ಲಿಯೇ ‘ಅಕಲಬೆತ್’ ಆಟವನ್ನು ಬರೆದು, ತಾವು ಕೆಲಸಕ್ಕಿದ್ದ ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲಗಳಲ್ಲಿಟ್ಟು ಮಾರಿದರು. ಆದರೆ ಅವರ ತಂದೆ ಗಗನಯಾತ್ರಿ. ಅದಕ್ಕೆ ಮೊದಲು ಸ್ಟ್ಯಾನ್‌ಫರ್ಡಿನಲ್ಲಿ ಎಂಜಿನಿಯರಿಂಗ್ ಬೋಧಿಸಿದವರು. ಜಪಾನಿನಲ್ಲಿ ಎನಿಕ್ಸ್ ಸಂಸ್ಥೆಯು 1982ರಲ್ಲಿ ಸ್ಪರ್ಧೆಯೊಂದನ್ನು ಏರ್ಪಡಿಸಿ ಅಪರಿಚಿತರಿಗೂ ಬಾಗಿಲು ತೆರೆಯಿತು. ಅದರಲ್ಲಿ ಗೆದ್ದವರ ಪೈಕಿ ಯೂಜಿ ಹೊರೀ ಪತ್ರಿಕಾ ಲೇಖಕರು, ಕೊಯಿಚಿ ನಕಮುರಾ ಇನ್ನೂ ಶಾಲೆಯ ವಿದ್ಯಾರ್ಥಿ. 1986ರ ‘ಡ್ರ್ಯಾಗನ್ ಕ್ವೆಸ್ಟ್’ ಈ ಇಬ್ಬರ ಸಹಯೋಗದಿಂದ ಹುಟ್ಟಿತು.

1983ರಲ್ಲಿ ಅಮೆರಿಕದ ಮಾರುಕಟ್ಟೆಯು ಕುಸಿದುಬಿದ್ದು, ಸೇರಿದವರಲ್ಲಿ ಅನೇಕರು ಕೆಲಸ ಕಳೆದುಕೊಂಡರು. ಮುಂದೆ ಆಟಗಳು ದೊಡ್ಡವಾದಂತೆ ಒಬ್ಬರ ಕೆಲಸವು ಹತ್ತಾರು, ಅನಂತರ ನೂರಾರು ಜನರಲ್ಲಿ ಹಂಚಿಹೋಯಿತು. ನಮ್ಮ ಬೆಂಗಳೂರು ಈ ಚರಿತ್ರೆಯೊಳಕ್ಕೆ ಬಂದುದು ಆ ಹಂಚಿಕೆಯ ಮೂಲಕವೇ: ರಾಜೇಶ್ ರಾವ್ ಅವರು 1997ರಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್ ಸಂಸ್ಥೆಯು ವಿದೇಶೀ ಪ್ರಕಾಶಕರ ಆಟಗಳಿಗೆ ಚಿತ್ರಗಳನ್ನು ರಚಿಸಿಕೊಡುತ್ತ ಬೆಳೆಯಿತು, ಅನೇಕ ತರುಣರಿಗೆ ಈ ಕಸುಬಿನ ಮೊದಲ ಮೆಟ್ಟಿಲಾಯಿತು. 2019ರಲ್ಲಿ ರಾಕ್‌ಸ್ಟಾರ್ ಕಂಪನಿಯು ಅದನ್ನು ಕೊಂಡು ತನ್ನ ಭಾರತೀಯ ಶಾಖೆಯಲ್ಲಿ ವಿಲೀನಗೊಳಿಸಿತು.